ಮನೆಯವರ ಕೋಣೆ

ಪ್ಲೈವುಡ್ ಅಡ್ಡಗೋಡೆಯಲ್ಲಿ, ಕೂತವರ ಕಣ್ಣಿನ ಮಟ್ಟಕ್ಕೆ, ಸ್ಕ್ರೂ ಬಿದ್ದುಹೋದ ಒಂದು ತೂತಿತ್ತು. ಅದಕ್ಕೆ ಕಣ್ಣಿಟ್ಟರೆ ಆ ಕಡೆಯ ಒಂದು ಕುರ್ಚಿಯ ಬೆನ್ನು, ಟೀ ತುಂಬಿದ ಸ್ಟೀಲ್ ಫ್ಲಾಸ್ಕು, ಯಾರೋ ಒಬ್ಬರ ಬಲಗಿವಿ ಕಾಣುತ್ತಿತ್ತು. ಕಿವಿ ವಾರವಾರಕ್ಕೆ ಬದಲಾಗುತ್ತಿತ್ತು, ಫ್ಲಾಸ್ಕು ಮಾತ್ರ ಅದೇ.

ಅದು ಶಿವಮೊಗ್ಗದ ಒಂದು ಪ್ರಾಥಮಿಕ ಶಾಲೆ. ಶನಿವಾರ ಮಕ್ಕಳು ಮನೆಗೆ ಹೋದ ಮೇಲೆ ಸಂಜೆ ಅಲ್ಲಿ ಸಭೆ ಸೇರುತ್ತಿತ್ತು. ಒಂದು ಉದ್ದನೆಯ ಕೋಣೆಯನ್ನು ಪ್ಲೈವುಡ್ಡಿನಿಂದ ಎರಡು ತರಗತಿ ಮಾಡಿದ್ದರು. ಆ ಕಡೆ ಕುಡಿತ ಬಿಡಲು ಬಂದವರು ಕೂರುತ್ತಿದ್ದರು. ಈ ಕಡೆ ಅವರ ಮನೆಯವರು: ಹೆಂಡತಿಯರು, ತಾಯಂದಿರು, ಒಬ್ಬಿಬ್ಬರು ಅಕ್ಕತಂಗಿಯರು. ನಾನು ಈ ಕಡೆ ಕೂರುತ್ತಿದ್ದೆ. ನಮ್ಮ ಮನೆಯಲ್ಲಿ ಕುಡಿಯುತ್ತಿದ್ದವಳು ನಾನೊಬ್ಬಳೇ.

ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಮನೆ ಭದ್ರಾವತಿಯ ಜನ್ನಾಪುರದಲ್ಲಿ. ಇರುವವರು ಅಮ್ಮ ಮತ್ತು ನಾನು. ತೀರಿಕೊಂಡ ಅಪ್ಪ, ಸಂಜೆ ಕೈಕಾಲು ತೊಳೆದು ವಿಭೂತಿ ಹಚ್ಚಿಕೊಳ್ಳದೆ ತಟ್ಟೆಯ ಮುಂದೆ ಕೂತವರಲ್ಲ. ‘ನಮ್ಮನೇಲಿ ಆ ವಾಸನೆಯೇ ಇಲ್ಲ’ ಎನ್ನುವ ಮಾತು ಅಮ್ಮನಿಗೆ ಒಂದು ಒಡವೆಯ ಹಾಗೆ. ಮದುವೆ ಮನೆಗಳಿಗೆ ಹೋಗುವಾಗ ಮರೆಯದೆ ಹಾಕಿಕೊಂಡು ಹೋಗುತ್ತಿದ್ದಳು.

ನಾನು ಶುರುಮಾಡಿದ್ದು ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ, ಗೆಳತಿಯರ ಜೊತೆ, ನಗುತ್ತಾ. ಗೆಳತಿಯರು ಓದು ಮುಗಿಸಿ ಅದನ್ನೂ ಮುಗಿಸಿದರು. ನಾನು ಮುಂದುವರಿಸಿದೆ. ಜನ್ನಾಪುರದ ಮನೆಯಲ್ಲಿ, ನನ್ನ ಕೋಣೆಯಲ್ಲಿ, ನೀರಿನ ಸ್ಟೀಲ್ ಬಾಟಲಿಯಿಂದ. ತರುತ್ತಿದ್ದದ್ದು ಶಿವಮೊಗ್ಗದ ಹೊರಗಿನ ಒಂದು ಅಂಗಡಿಯಿಂದ. ಆಗ ನನ್ನ ಬಳಿ ಸ್ಕೂಟಿ ಇತ್ತು. ಹೆಲ್ಮೆಟ್ ತೆಗೆಯದೆ, ಮಾತಾಡದೆ, ಬೆರಳಲ್ಲಿ ತೋರಿಸಿ ಕೊಳ್ಳುತ್ತಿದ್ದೆ. ಪಕ್ಕದಲ್ಲಿ ಗಂಡಸರು ಕೌಂಟರಿಗೆ ಮೊಣಕೈ ಊರಿ, ಮಳೆ ಬೆಳೆ ರಾಜಕೀಯ ಮಾತಾಡುತ್ತಾ, ಹಾಲಿನ ಬೂತಿನ ಮುಂದೆ ನಿಂತಷ್ಟೇ ಸಲೀಸಾಗಿ ನಿಂತಿರುತ್ತಿದ್ದರು. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿ ಎಂದು ಈಗ ಅನ್ನಿಸುತ್ತದೆ. ಅವರು ಕುಡಿಯುತ್ತಾರೆ ಎಂದಲ್ಲ. ಅವರು ಮುಖ ಮುಚ್ಚಿಕೊಂಡಿರಲಿಲ್ಲ.

ಒಂದು ದಿನ ಪ್ರಯೋಗಾಲಯದಲ್ಲಿ ಬ್ಯೂರೆಟ್ಟಿನ ಕೊಳಾಯಿ ತಿರುಗಿಸಿ ಹನಿಹನಿಯಾಗಿ ಬಿಡುವುದನ್ನು ತೋರಿಸುತ್ತಿದ್ದೆ. ಒಂದು ಹನಿ ಬೀಳಬೇಕಾದಲ್ಲಿ ಸುರಿದೇ ಹೋಯಿತು. ಫ್ಲಾಸ್ಕಿನ ದ್ರಾವಣ ಕಡುಗುಲಾಬಿಯಾಯಿತು. “ಮ್ಯಾಮ್, ಕೈ ನಡುಗ್ತಿದೆ, ತಿಂಡಿ ತಿಂದಿಲ್ವಾ?” ಎಂದಳು ಮುಂದಿನ ಸಾಲಿನ ಹುಡುಗಿ. ಅವಳ ದನಿಯಲ್ಲಿ ಅನುಮಾನವಿರಲಿಲ್ಲ, ಕಾಳಜಿಯಿತ್ತು. ಅಂದು ಮಧ್ಯಾಹ್ನ ಖಾಲಿ ತರಗತಿಯಲ್ಲಿ ಕೂತು, ಫೋನಿನಲ್ಲಿ ಹುಡುಕಿ ಸಿಕ್ಕಿದ ಸಹಾಯವಾಣಿಗೆ ಕರೆ ಮಾಡಿದೆ.

“ಹೇಳೀಮ್ಮ. ಯಾರಿಗೆ ತೊಂದ್ರೆ? ಯಜಮಾನ್ರಿಗಾ, ಅಪ್ಪಂಗಾ?” ಎಂದಿತು ಒಂದು ಗಂಡು ದನಿ.

ನಾನು ಎದ್ದು ತರಗತಿಯ ಬಾಗಿಲು ಮುಚ್ಚಿದೆ.

“ಪರ್ವಾಗಿಲ್ಲ ಬಿಡಿ, ಹೇಳ್ಬೇಡಿ. ಶನಿವಾರ ಬನ್ನಿ. ಅವ್ರು ಬರಲ್ಲ ಅಂದ್ರೂ ನೀವು ಬನ್ನಿ.”

ಹೋದೆ. ಶಾಲೆಯ ಜಗುಲಿಯಲ್ಲಿ ಬಿಳಿಕೂದಲಿನ ಹಿರಿಯರೊಬ್ಬರು ಲೋಟ ಜೋಡಿಸುತ್ತಿದ್ದರು. ಫೋನಿನ ದನಿ ಅವರದೇ. ನನ್ನನ್ನು ಕಂಡದ್ದೇ ಎದ್ದು ನಿಂತರು. “ಬಾಮ್ಮ ಬಾ. ಮನೆಯೋರದ್ದು ಈ ಕಡೆ” ಎಂದು, ತಾವು ಕೂತಿದ್ದ ಕುರ್ಚಿಯನ್ನೇ ಎತ್ತಿಕೊಂಡು ಮುಂದೆ ನಡೆದರು. “ಅಲ್ಲಿರೋದು ಮಕ್ಕಳ ಬೆಂಚು. ನೀನು ಇದ್ರಲ್ಲಿ ಕೂತ್ಕೋ, ಇಲ್ದಿದ್ರೆ ಸೊಂಟ ಹಿಡ್ಕೊಳುತ್ತೆ.” ಅಷ್ಟು ಮರ್ಯಾದೆಯಿಂದ ಒಬ್ಬರು ನಮ್ಮನ್ನು ತಪ್ಪು ಕೋಣೆಗೆ ಕರೆದುಕೊಂಡು ಹೋದರೆ, ಅಲ್ಲ ಸಾರ್, ನಾನು ಆ ಕಡೆಯವಳು ಎನ್ನಲು ಬೇರೆಯದೇ ಒಂದು ನಾಲಿಗೆ ಬೇಕು. ನನಗೆ ಅದು ಇರಲಿಲ್ಲ. ಕೂತೆ.

ಅವರದು ದುಷ್ಟತನವಲ್ಲ. ಅಷ್ಟು ವರ್ಷ ಆ ಬಾಗಿಲಿಗೆ ಬಂದ ಹೆಂಗಸರೆಲ್ಲ ಯಾರದೋ ಹೆಂಡತಿ, ಯಾರದೋ ತಾಯಿಯೇ ಆಗಿದ್ದರು. ಕುತ್ತಿಗೆಯಲ್ಲಿ ತಾಳಿ ಇಲ್ಲದ್ದನ್ನು ನೋಡಿ, ಒಳಗಿದ್ದ ಹೆಂಗಸರು ತಮ್ಮತಮ್ಮಲ್ಲೇ ಇತ್ಯರ್ಥ ಮಾಡಿದರು.

“ಯಾರು ಮಗಾ, ಅಪ್ಪನಾ?” ಎಂದರು ಒಬ್ಬರು.

“ಅಪ್ಪ ಇಲ್ಲ” ಎಂದೆ. ಅದು ನಿಜ.

“ಹಾಗಾದ್ರೆ ಅಣ್ಣ ಇರ್ಬೇಕು.”

“ಕೇಳ್ಬೇಡ್ರೀ, ಮೊದಲ್ನೇ ದಿನ” ಎಂದರು ಇನ್ನೊಬ್ಬರು. “ಅವ್ಳಿಗೇ ಅನ್ಸಿದಾಗ ಹೇಳ್ತಾಳೆ.”

ಅಣ್ಣ ಎಂದೇ ಆಯಿತು. ಇಲ್ಲದ ಒಬ್ಬ ಅಣ್ಣನಿಗಾಗಿ ಆ ಹೆಂಗಸರು ಪ್ರತಿ ಶನಿವಾರ ಮರುಗುತ್ತಿದ್ದರು.

‘ಅಪ್ಪನಾ’ ಎಂದು ಕೇಳಿದವರೂ ಅಂದೇ ಮೊದಲ ಸಲ ಬಂದಿದ್ದರು. ಬಂದು ಅರ್ಧ ಗಂಟೆಯಲ್ಲಿ ಎಲ್ಲರ ಊರು, ಕುಲ, ಮಕ್ಕಳ ಮದುವೆ ವಿಚಾರಿಸಿ ಆಗಿತ್ತು. ಅವರೂ ಭದ್ರಾವತಿಯವರೇ, ಕಾಗದನಗರದ ಕ್ವಾರ್ಟರ್ಸಿನವರು. ಮಗನನ್ನು ಕರೆತಂದು ಆ ಕಡೆಯ ಕೋಣೆಗೆ ತಳ್ಳಿ, ಈ ಕಡೆ ಬಂದು ನನ್ನ ಪಕ್ಕ ಕೂತಿದ್ದರು. ನಾನು ಅವರನ್ನು ಆಂಟಿ ಎಂದು ಕರೆಯತೊಡಗಿದೆ. ಮಗ ನನಗಿಂತ ಎರಡು ಮೂರು ವರ್ಷ ಚಿಕ್ಕವನು, ಲಗೇಜ್ ಆಟೋ ಓಡಿಸುತ್ತಿದ್ದ. ಅವನು ಕುಡಿಯುವುದನ್ನು ನಿಲ್ಲಿಸಿ ಆಗ ಎರಡು ದಿನವಾಗಿತ್ತು. ನಾನು ನಿಲ್ಲಿಸಿಯೂ ಎರಡು ದಿನ. ಲೋಕದಲ್ಲಿ ನನಗೊಬ್ಬ ಜೋಡಿ ಇದ್ದ, ಅವನಿಗೆ ಅದು ಗೊತ್ತಿರಲಿಲ್ಲ.

ಮೂವರೂ ಒಂದೇ ಬಸ್ಸಿನಲ್ಲಿ ಭದ್ರಾವತಿಗೆ ವಾಪಸಾಗುತ್ತಿದ್ದೆವು. ಆಂಟಿ ಮತ್ತು ನಾನು ಒಂದು ಸೀಟಿನಲ್ಲಿ, ಅವನು ನಮ್ಮ ಹಿಂದಿನದರಲ್ಲಿ. ಆಟೋದ ಕೀ ಆಂಟಿಯ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಕೂತಿರುತ್ತಿತ್ತು.

“ಅಮ್ಮ, ನಮ್ದೇ ಗಾಡಿ ಮನೇಲಿಟ್ಕೊಂಡು ಬಸ್ಸಲ್ಲಿ ಓಡಾಡ್ಬೇಕಾ? ಕೀ ಕೊಡೇ.”

“ಬೆಲ್ಲ ಕೊಟ್ಟಿದೀನಲ್ಲ, ಅದನ್ನೇ ಓಡ್ಸು.”

“ನೋಡಿ ಅಕ್ಕ. ಲೈಸೆನ್ಸ್ ಕೊಟ್ಟಿದ್ದು ಆರ್‌ಟಿಓ, ಕಿತ್ಕೊಂಡಿದ್ದು ನಮ್ಮಮ್ಮ.”

ಕುಡಿಯಬೇಕು ಅನ್ನಿಸಿದಾಗ ಸಿಹಿ ತಿನ್ನಿ ಎಂದು ಆ ಕಡೆಯ ಕೋಣೆಯಲ್ಲಿ ಹೇಳಿಕೊಟ್ಟಿದ್ದರಂತೆ. ಆಂಟಿಯ ಚೀಲದಲ್ಲಿ ಬೆಲ್ಲದ ಚೂರುಗಳ ಡಬ್ಬಿಯೊಂದು ಸದಾ ಇರುತ್ತಿತ್ತು. ಸಂಜೆಯ ಆ ಹೊತ್ತು ಕಷ್ಟದ್ದು. ಅವನು ಕಾಲು ಕುಣಿಸಲು ಶುರುಮಾಡಿದರೆ ಆಂಟಿ ತಿರುಗಿ ನೋಡದೆ, ಹಿಂದಕ್ಕೆ ಕೈ ಚಾಚಿ, ಅವನ ಅಂಗೈಗೆ ಒಂದು ಚೂರು ಹಾಕುತ್ತಿದ್ದರು. ಆಮೇಲೆ ನನಗೂ. “ನೀನೂ ತಿನ್ನೇ ಮಾರಾಯ್ತಿ, ಬಾಯಿ ಸಿಹಿ ಮಾಡ್ಕೋ” ಎನ್ನುತ್ತಿದ್ದರು. ನಾನು ಸೌಜನ್ಯಕ್ಕೆ ತಿನ್ನುವವಳ ಹಾಗೆ ತಿನ್ನುತ್ತಿದ್ದೆ. ನನ್ನ ನಾಲಿಗೆ ಅದಕ್ಕಾಗಿ ಎಷ್ಟು ಕಾದಿತ್ತೆಂದು ಹೇಳುವಂತಿರಲಿಲ್ಲ. ಮತ್ತೊಂದು ಚೂರು ಕೇಳುವಂತೆಯೂ ಇರಲಿಲ್ಲ. ಅವನು ಕೇಳುತ್ತಿದ್ದ, ಸಿಗುತ್ತಿತ್ತು.

ಮೊದಲ ವಾರಗಳಲ್ಲಿ ಅವನಿಗೆ ಬೆವರು ಬಿಟ್ಟದ್ದು, ನಿದ್ದೆ ಬಾರದ್ದು, ಮೈಮೇಲೆ ಇರುವೆ ಹರಿದಂತಾದದ್ದು, ಡಾಕ್ಟರು ಮಾತ್ರೆ ಕೊಟ್ಟದ್ದು ಎಲ್ಲವನ್ನೂ ಆಂಟಿ ಮನೆಯವರ ಕೋಣೆಯಲ್ಲಿ ಹೇಳಿಕೊಳ್ಳುತ್ತಿದ್ದರು. “ಎದ್ದು ಕೂತ್ರೆ ನಾನೂ ಎದ್ದು ಕೂರ್ತೀನಿ. ಬೆನ್ನು ಒರೆಸ್ತೀನಿ. ಎಳೇ ಮಗು ಆದ್ನಲ್ಲ ಮತ್ತೆ!” ಎಲ್ಲರೂ ಲೊಚಗುಟ್ಟುತ್ತಿದ್ದರು. ನಾನೂ ಲೊಚಗುಟ್ಟುತ್ತಿದ್ದೆ. ಅದೇ ವಾರಗಳಲ್ಲಿ ನಾನು ಬಚ್ಚಲಿನ ನಲ್ಲಿ ಬಿಟ್ಟುಕೊಂಡು ವಾಂತಿ ಮಾಡುತ್ತಿದ್ದೆ. ಡಾಕ್ಟರ ಬಳಿಗೂ ಒಬ್ಬಳೇ ಹೋಗಿ, ಕಾಲೇಜಿನ ಹತ್ತಿರದ ಔಷಧದಂಗಡಿಯನ್ನು ಬಿಟ್ಟು ದೂರದ್ದೊಂದರಲ್ಲಿ ಮಾತ್ರೆ ಕೊಂಡೆ. ಅಮ್ಮನಿಗೆ ಶನಿವಾರಗಳನ್ನು ಸ್ಪೆಷಲ್ ಕ್ಲಾಸ್ ಎಂದಿದ್ದೆ, ವಾಂತಿಯನ್ನು ಪಿತ್ತ ಎಂದಿದ್ದೆ. ಅವಳು ಶುಂಠಿ ಕಷಾಯ ಮಾಡಿಕೊಟ್ಟಳು. ಕಷಾಯ ಚೆನ್ನಾಗಿಯೇ ಇತ್ತು. ಆದರೆ ಅದು ನನ್ನ ಕಾಯಿಲೆಗೆ ಮಾಡಿದ್ದಲ್ಲ. ಅವನ ಬೆನ್ನು ಒರೆಸುವ ಕೈಗೆ ತಾನು ಏನನ್ನು ಒರೆಸುತ್ತಿದ್ದೇನೆ ಎಂದು ಗೊತ್ತಿತ್ತಲ್ಲ, ನನಗೆ ಉರಿಯುತ್ತಿದ್ದದ್ದು ಅದಕ್ಕೆ.

ಈ ಕಡೆಯ ಕೋಣೆಯಲ್ಲಿ ಕಲಿಸುತ್ತಿದ್ದದ್ದು ಬೇರೆ ಪಾಠ. ಬಾಟಲಿ ಹುಡುಕಬೇಡಿ. ಬಾಗಿಲಲ್ಲಿ ಕಾಯಬೇಡಿ. ಅವರು ಕುಡಿದ ದಿನವೂ ನೀವು ಊಟ ಮಾಡಿ. ಅವರು ಬಿದ್ದದ್ದು ನಿಮ್ಮ ತಪ್ಪಲ್ಲ, ಎದ್ದದ್ದು ನಿಮ್ಮ ಸಾಧನೆಯಲ್ಲ. ನಾನು ವಿಧೇಯ ವಿದ್ಯಾರ್ಥಿನಿಯಂತೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ, ಮತ್ತು ಗೋಡೆಯಾಚೆಯ ನಗುವಿಗೆ ಕಿವಿ ಕೊಡುತ್ತಿದ್ದೆ. ಅವರು ಬಹಳ ನಗುತ್ತಿದ್ದರು. ಚರಂಡಿಯಲ್ಲಿ ಚಪ್ಪಲಿ ಕಳೆದುಕೊಂಡದ್ದು, ಪಕ್ಕದ ಮನೆಯ ಬಾಗಿಲು ತಟ್ಟಿ ಅವರ ಹೆಂಡತಿಗೆ ಅನ್ನ ಹಾಕು ಎಂದದ್ದು, ಇಂಥವನ್ನು ಒಬ್ಬ ಹೇಳಿದರೆ ಹತ್ತು ಜನ ‘ಹೌದಪ್ಪಾ ಹೌದು’ ಎನ್ನುತ್ತಿದ್ದರು. ಈ ಕಡೆ ಯಾರೂ ನಗುತ್ತಿರಲಿಲ್ಲ. ಆ ಬಾಗಿಲುಗಳನ್ನು ತೆರೆದವರು ಇವರು. ನನ್ನ ಬಳಿಯೂ ಕತೆಗಳಿದ್ದವು. ಹೆಲ್ಮೆಟ್ ಹಾಕಿಕೊಂಡು ಅಂಗಡಿಯಲ್ಲಿ ನಿಂತಿದ್ದಾಗ ಅದರ ಗಾಜಿಗೆ ನನ್ನ ಉಸಿರೇ ಮಂಜಾಗಿ ಕಟ್ಟಿ, ಬೇರೆ ಯಾರದೋ ಬಾಟಲಿ ಎತ್ತಿಕೊಂಡು ಬಂದದ್ದನ್ನು ಹೇಳಿದ್ದರೆ ಅವರು ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಖಂಡಿತ ಗೊತ್ತಿತ್ತು.

ಮೂರು ತಿಂಗಳಾದಾಗ ಅವರಲ್ಲಿ ಒಂದು ಪದ್ಧತಿ. ಅದನ್ನು ಬರ್ತ್‌ಡೇ ಎನ್ನುತ್ತಾರೆ. ಅಂದು ಅಡ್ಡಗೋಡೆಯ ನಡುವಿನ ಬಾಗಿಲು ತೆಗೆದು ಎರಡೂ ಕಡೆಯವರು ಒಟ್ಟಿಗೆ ಕೂರುತ್ತಾರೆ. ಕೇಕು ಬರುತ್ತದೆ. ಬಿಟ್ಟವನಿಗೆ ಒಂದು ಹಿತ್ತಾಳೆ ಬಿಲ್ಲೆ ಕೊಡುತ್ತಾರೆ. ಯಾರ ಕೈಯಿಂದ ಕೊಡಿಸಬೇಕೆಂದು ಅವನೇ ಆರಿಸಬೇಕು. ಅವನು ಎದ್ದುನಿಂತು, “ಅಮ್ಮನ ಕೈಲೇ ಕೊಡ್ಸಿ. ಕೀ ಅಂತೂ ಕೊಡ್ಲಿಲ್ಲ, ಇದಾದ್ರೂ ಕೊಡ್ಲಿ” ಎಂದ. ಕೋಣೆ ತುಂಬ ನಗು. ಆಂಟಿ ಬಿಲ್ಲೆಯನ್ನು ಕಣ್ಣಿಗೊತ್ತಿಕೊಂಡು, ಕೈಗೆ ಕೊಡದೆ, ಅವನ ಅಂಗಿಯ ಜೇಬಿಗೆ ಹಾಕಿ ಮೇಲಿಂದ ತಟ್ಟಿದರು. ಕೇಕಿನ ಮೊದಲ ತುಂಡು ಅವನ ಬಾಯಿಗೆ, ಎರಡನೆಯದು, ಹೇಗೋ, ನನ್ನ ಬಾಯಿಗೆ ಬಂತು. “ನಿನ್ ಅಣ್ಣಂಗೂ ಇಂಥ ದಿನ ಬರುತ್ತೆ ನೋಡ್ತಿರು” ಎಂದು ಆಂಟಿ ನನ್ನ ಕೆನ್ನೆ ಸವರಿದರು.

ನನ್ನದೂ ಅಂದೇ ಮೂರು ತಿಂಗಳು.

ಬಸ್ಸಿಳಿದ ಮೇಲೆ ಬೇಕರಿಗೆ ಹೋಗಿ ಒಂದು ಪೇಸ್ಟ್ರಿ ಕಟ್ಟಿಸಿಕೊಂಡು ಮನೆಗೆ ಹೋದೆ.

“ಏನೇ ಇದು?” ಎಂದಳು ಅಮ್ಮ.

“ಬರ್ತ್‌ಡೇ ಇತ್ತು.”

“ಯಾರ್ದು?”

“ಕಾಲೇಜಲ್ಲಿ ಒಬ್ರದ್ದು.”

“ಮೊಟ್ಟೆ ಹಾಕಿಲ್ಲ ತಾನೆ?”

“ಇಲ್ಲಮ್ಮ.”

ಅವಳು ಚಮಚದ ತುದಿಯಲ್ಲಿ ಕೆನೆಯನ್ನಷ್ಟೇ ತೆಗೆದು ರುಚಿ ನೋಡಿ, “ಹೊಟ್ಟೆ ತುಂಬಿದೆ ಕಣೆ, ನೀನೇ ತಿನ್ನು” ಎಂದಳು. ನಾನು ಅವಳೆದುರೇ ಕೂತು ಪೂರ್ತಿ ತಿಂದೆ. ಅವಳು ಟೀವಿ ನೋಡುತ್ತಿದ್ದಳು. ಒಂದು ಸಲ ತಿರುಗಿ, “ಯಾಕೆ ಹಾಗೆ ನೋಡ್ತೀಯ?” ಎಂದಳು. ಏನಿಲ್ಲ ಎಂದೆ.

ಇದಾಗಿ ಕೆಲವು ವಾರಗಳಿಗೆ ಒಂದು ಶನಿವಾರ ಆಂಟಿ ಒಬ್ಬರೇ ಬಂದರು. ಗೆಳೆಯನ ಗೃಹಪ್ರವೇಶಕ್ಕೆ ಹೋದವನು ಕುಡಿದು ಬಂದಿದ್ದನಂತೆ, ಆಮೇಲೆ ಮೂರು ದಿನ ಬಿಡದೆ. ಆಂಟಿ ಅಳಲಿಲ್ಲ. ಸೆರಗಿನ ತುದಿಯನ್ನು ಬಿಚ್ಚಿ ಕಟ್ಟಿ ಬಿಚ್ಚಿ ಕಟ್ಟಿ ಮಾಡುತ್ತಿದ್ದರು. ಎಲ್ಲರೂ ಅವರ ಬೆನ್ನು ಸವರಿದರು. ನಾನೂ ಸವರಿದೆ. ಸವರುತ್ತಿರುವಾಗ ನನ್ನೊಳಗೆ ಏನೋ ಸಡಿಲವಾಗಿ, ಹಗುರಾಗಿ, ಮೇಲಕ್ಕೆ ಬಂತು. ದುಃಖ ಎಂದು ಕರೆಯಲು ನೋಡಿದೆ, ಅದು ದುಃಖವಾಗಿರಲಿಲ್ಲ. ಸಂತೋಷ. ಅವನು ಬಿದ್ದ. ಈಗ ನಾನು ಮುಂದಿದ್ದೇನೆ.

ಆ ವಾರವಿಡೀ ನಾನು ಚೆನ್ನಾಗಿದ್ದೆ. ಪಾಠ ಚೆನ್ನಾಗಿ ಮಾಡಿದೆ. ಕೈ ನಡುಗಲಿಲ್ಲ. ಯಾರಿಗೂ ಕಾಣದ ಓಟದಲ್ಲಿ ಗೆದ್ದವಳ ನಡಿಗೆ ನನ್ನದಾಗಿತ್ತು.

ಮುಂದಿನ ಶನಿವಾರ ಅವನು ಬಂದ. ಗಡ್ಡ ಬೋಳಿಸಿರಲಿಲ್ಲ, ಕಣ್ಣು ಊದಿತ್ತು. ಜಗುಲಿಯಲ್ಲಿ ನನ್ನನ್ನು ಕಂಡು ಎಂದಿನಂತೆ ಅಕ್ಕ ಎನ್ನಲಿಲ್ಲ. ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದ. ನಾನು ಒಳಗೆ ಹೋಗಿ ತೂತಿಗೆ ಕಣ್ಣಿಟ್ಟೆ. ಅಂದು ಕಾಣುತ್ತಿದ್ದ ಬಲಗಿವಿ ಅವನದೇ. ಅದು ಕೆಂಪಾಗಿತ್ತು. ಅವನು ಎದ್ದು ಏನೋ ಹೇಳಿದ, ಸರಿಯಾಗಿ ಕೇಳಿಸಲಿಲ್ಲ. ಬಿಲ್ಲೆಯನ್ನು ವಾಪಸು ಕೊಡಲು ಹೋದ ಎಂದು ಕಾಣುತ್ತದೆ. ಬಿಳಿಕೂದಲಿನ ಹಿರಿಯರ ಕೈ ಅಡ್ಡ ಬಂತು.

“ಇಟ್ಕೊಳೋ. ಅದೇನು ಬಾಡಿಗೆಗೆ ಕೊಟ್ಟಿದ್ದಾ? ಇವತ್ತು ಬಂದ್ಯಲ್ಲ, ಸಾಕು.”

ಆಮೇಲೆ ಚಪ್ಪಾಳೆ. ಮೂರು ತಿಂಗಳ ದಿನ ತಟ್ಟಿದ್ದಕ್ಕಿಂತ ಜೋರಾದ, ಉದ್ದನೆಯ ಚಪ್ಪಾಳೆ. ಯಾರೋ ಶಿಳ್ಳೆ ಹಾಕಿದರು. ಗೋಡೆಯ ಈ ಕಡೆಯ ಹೆಂಗಸರೂ ಚಪ್ಪಾಳೆ ತಟ್ಟತೊಡಗಿದರು. ಹಿರಿಯರು ಅವನನ್ನು ತಬ್ಬಿಕೊಂಡರು; ನನಗೆ ಕಂಡದ್ದು ಅವನ ಬೆನ್ನಿನ ಮೇಲೆ ಅಗಲವಾಗಿ ಹರಡಿದ ಅವರ ಅಂಗೈ.

“ಚಪ್ಪಾಳೆ ಹೊಡಿಯೇ” ಎಂದು ಆಂಟಿ ನನ್ನ ಮೊಣಕೈ ತಿವಿದರು.

ನನ್ನ ಕೈಗಳು ತೊಡೆಯ ಮೇಲಿದ್ದವು. ಎತ್ತಲು ಆಗಲಿಲ್ಲ. ಗೆಳೆಯನ ಮನೆಯಲ್ಲಿ ಕುಡಿದವನಿಗೆ ಚಪ್ಪಾಳೆ. ಕುಡಿಯದೆ ಇದ್ದವಳಿಗೆ ಮಕ್ಕಳ ಬೆಂಚುಗಳ ನಡುವೆ ಒಂದು ಕುರ್ಚಿ, ಇಲ್ಲದ ಅಣ್ಣನ ಮೇಲಿನ ಕನಿಕರ. ಹಾಗಾದರೆ ನಾನೂ ಕುಡಿಯಬಹುದಲ್ಲ ಎಂದುಕೊಂಡೆ. ಅಂದುಕೊಂಡ ಕೂಡಲೇ ಯಾವ ಅಂಗಡಿ, ಯಾವ ಬಾಟಲಿ, ಎಷ್ಟು ಹೊತ್ತಿಗೆ ಎಂಬುದೆಲ್ಲ ತಾನಾಗಿ ಸಾಲುಗಟ್ಟಿ ನಿಂತಿತು. ಹೆದರಿಕೆಯಾದದ್ದು ಆ ಅಚ್ಚುಕಟ್ಟಿಗೆ. ಅವನು ಬಿದ್ದರೆ ಹೀಗೆ ಎತ್ತಲು ಜನರಿದ್ದರು. ನಾನು ಬಿದ್ದರೆ ಬಿದ್ದದ್ದೇ ಗೊತ್ತಾಗುವುದಿಲ್ಲ. ಏಕೆಂದರೆ ನಾನು ನಿಂತಿರುವುದೇ ಯಾರಿಗೂ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಎಂದಿನಂತೆ ಕೂತೆವು. ಹಿಂದೆ ಅವನು ಕಿಟಕಿಗೆ ತಲೆಯೊರಗಿಸಿ ನಿದ್ದೆ ಹೋಗಿದ್ದ. ಆಂಟಿ ಡಬ್ಬಿ ತೆಗೆದು ನನಗೊಂದು ಚೂರು ಕೊಟ್ಟರು. ಅವರ ಮುಖ ಗೆಲುವಾಗಿತ್ತು.

“ನೋಡ್ದ್ಯಾ? ನಾಲ್ಕು ತಿಂಗಳಲ್ಲಿ ಬಿದ್ದಿದ್ದು ಒಂದೇ ಸಲ. ಎಷ್ಟು ಗಟ್ಟಿ ಇದಾನೆ ನನ್ನ ಮಗ. ಬೇರೆಯೋರಾಗಿದ್ರೆ...”

“ನಾನು ಬಿದ್ದಿಲ್ಲ” ಎಂದೆ.

“ಏನು?”

“ಅವನು ಕುಡಿದ. ನಾನು ಕುಡೀಲಿಲ್ಲ. ಇಬ್ಬರೂ ಒಂದೇ ದಿನ ಬಿಟ್ಟಿದ್ದು.”

ಹೇಳಬೇಕೆಂದು ಹೇಳಿದ ಮಾತಲ್ಲ ಅದು. ಪ್ರಾಮಾಣಿಕತೆಯಿಂದ ಬಂದದ್ದೂ ಅಲ್ಲ. ಪರೀಕ್ಷೆಯಲ್ಲಿ ತನ್ನ ಅಂಕವನ್ನು ಪಕ್ಕದವನಿಗೆ ಕೊಟ್ಟುಬಿಟ್ಟರೆಂದು ಎದ್ದುನಿಂತ ಹುಡುಗಿಯ ದನಿ ಅದು, ನನಗೇ ಕೇಳಿಸಿತು. ಆಂಟಿ ನನ್ನನ್ನು ನೋಡಿದರು. ಮೊದಲು ಮುಖ, ಆಮೇಲೆ ಬೆಲ್ಲ ಹಿಡಿದಿದ್ದ ಕೈ.

“ನಿನ್ನ ಅಣ್ಣ?”

“ಅಣ್ಣ ಇಲ್ಲ.”

“ನೀನಾ?”

“ಹೂಂ.”

ಅವರು ತೊಡೆಯ ಮೇಲಿದ್ದ ಚೀಲವನ್ನು ಎತ್ತಿ ನಮ್ಮಿಬ್ಬರ ನಡುವೆ ಇಟ್ಟರು. ಆ ಸಣ್ಣ ಕೆಲಸವನ್ನು ನಾನು ಮರೆಯುವುದಿಲ್ಲ.

“ಅಲ್ವೇ, ನಿನ್ನ ಎದುರಿಗೆ ನಾನು ಏನೆಲ್ಲ ಆಡಿದೀನಿ” ಎಂದರು ಕೊನೆಗೆ, ದನಿ ತಗ್ಗಿಸಿ. “ಇವ್ನು ಸತ್ತಾದ್ರೂ ಹೋಗ್ಬಾರ್ದಾ ಅಂತ ಒಂದಿನ ಅಂದೆ. ಹೆತ್ತೋಳು ಅನ್ನೋ ಮಾತಾ ಅದು? ನಮ್ಮ ಪೈಕಿಯೋಳು ಅಂತ ನಿನ್ನ ಮುಂದೆ ಅಂದೆ. ನೀನು ಅವ್ನ ಪೈಕಿಯೋಳಾಗಿ ಕೂತು ಕೇಳ್ತಿದ್ದೆ.”

ಆ ಮಾತನ್ನು ಅವರು ಆಡಿದ್ದು ನಿಜ. ನಾನು ಅದನ್ನು ಅವನ ತಾಯಿ ಅವನ ಬಗ್ಗೆ ಆಡಿದ ಮಾತಾಗಿ ಕೇಳಿರಲಿಲ್ಲ. ನನ್ನ ತಾಯಿಗೆ ಗೊತ್ತಾದರೆ ನನ್ನ ಬಗ್ಗೆ ಆಡುವ ಮಾತಾಗಿ ಕೇಳಿದ್ದೆ.

“ನಿಮ್ಮಮ್ಮಂಗೆ ಗೊತ್ತಾ?”

“ಇಲ್ಲ.”

“ಹೆಣ್ಣು ಹುಡ್ಗಿ” ಎಂದರು. ಬಯ್ಗುಳವೋ ಮರುಕವೋ ತಿಳಿಯಲಿಲ್ಲ, ಅವರಿಗೂ ತಿಳಿದಿರಲಾರದು. ನನ್ನ ಕೈಯಲ್ಲಿ ಬೆಲ್ಲ ಅಂಟಾಗಿತ್ತು. “ತಿನ್ನು ಅದನ್ನ. ಕೈಯಲ್ಲಿ ಇಟ್ಕೊಂಡೇನು ಪೂಜೆ ಮಾಡ್ತೀಯಾ?”

ತಿಂದೆ.

“ಅವನಿಗೆ ಹೇಳಬೇಡಿ ಆಂಟಿ.”

“ನಾನ್ಯಾಕೆ ಹೇಳ್ಲಿ? ನನ್ನ ಬಾಯಿ ಅಷ್ಟು ಹಗುರ ಅಲ್ಲ.” ಸ್ವಲ್ಪ ತಡೆದರು. “ಆದ್ರೆ ಇನ್ನು ಮೇಲೆ ನಮ್ಮ ರೂಮಿಗೆ ಬರ್ಬೇಡ. ನೀನಿದ್ರೆ ನಂಗೆ ಮಾತಾಡೋಕಾಗಲ್ಲ. ಅಳು ಬಂದ್ರೂ ಅಳೋಕಾಗಲ್ಲ.”

ನನ್ನ ಕಣ್ಣು ತುಂಬಿತು. ಅದನ್ನು ಕಂಡೇ ಅವರು ಮುಖ ಆ ಕಡೆ ತಿರುಗಿಸಿದರು. ಬಸ್ಸು ಭದ್ರಾವತಿಯೊಳಗೆ ಬಂದಿತ್ತು. ಇಳಿಯುವ ಮೊದಲು ಮಗನನ್ನು ಎಬ್ಬಿಸುತ್ತಾ, ನನಗೆ ಬೆನ್ನು ಹಾಕಿಕೊಂಡೇ ಹೇಳಿದರು:

“ನಾಳೆ ಬೆಳಿಗ್ಗೆ ಓಲ್ಡ್ ಟೌನಲ್ಲಿ ಇವ್ರದ್ದು ಮೀಟಿಂಗಿದೆ. ಪಾತ್ರೆ ಅಂಗಡಿ ಮಹಡಿ ಮೇಲೆ, ಹತ್ತು ಗಂಟೆಗೆ. ಅಲ್ಲಿರೋದು ಒಂದೇ ರೂಮು. ನಾವ್ಯಾರೂ ಹೋಗಲ್ಲ.”

ಅವರಿಬ್ಬರೂ ಕಾಗದನಗರದ ಕಡೆ ಹೊರಟರು. ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತುಕೊಂಡೆ. ನಿದ್ದೆಗಣ್ಣಿನಲ್ಲಿ ನಡೆಯುತ್ತಿದ್ದವನ ತೋಳನ್ನು ಆಂಟಿ ಹಿಡಿದುಕೊಂಡಿದ್ದರು. ಅವನನ್ನು ಆ ಕ್ಷಣದಲ್ಲಿ ದ್ವೇಷಿಸಿದಷ್ಟು ನಾನು ಯಾರನ್ನೂ ದ್ವೇಷಿಸಿಲ್ಲ. ಆ ತೋಳು, ಆ ಹಿಡಿತ, ಆ ಸಾವಧಾನದ ನಡಿಗೆ. ಎದುರಿನ ಸಾಲಿನಲ್ಲಿ ಬಾರಿನ ದೀಪ ಹೊತ್ತಿಕೊಂಡಿತ್ತು. ನಮ್ಮೂರಿನಲ್ಲಿ ನಾನು ಆ ಬೋರ್ಡನ್ನು ತಲೆಯೆತ್ತಿ ಓದಿಯೂ ಇರಲಿಲ್ಲ. ಅಂದು ಪೂರ್ತಿ ಓದಿದೆ. ಆಮೇಲೆ ಜನ್ನಾಪುರದ ಆಟೋ ಹತ್ತಿದೆ. ಯಾಕೆ ಎಂದು ಕೇಳಿದರೆ ದೊಡ್ಡ ಕಾರಣವೇನೂ ಇಲ್ಲ. ಕುಡಿದಿದ್ದರೆ ನಾನು ಅವನಿಗೆ ಸಮನಾಗುತ್ತಿದ್ದೆ. ಸಮನಾಗಲು ನನಗೆ ಇಷ್ಟವಿರಲಿಲ್ಲ.

ಮರುದಿನ ಬೆಳಿಗ್ಗೆ ಅಮ್ಮ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. ನಾನು ಸೀರೆಯುಟ್ಟು ಹೊರಟದ್ದನ್ನು ನೋಡಿ, “ಭಾನುವಾರಾನೂ ಕ್ಲಾಸಾ?” ಎಂದಳು.

“ಕ್ಲಾಸಿಲ್ಲಮ್ಮ. ಶನಿವಾರಾನೂ ಇರ್ಲಿಲ್ಲ.”

ಸೌಟು ನಿಂತಿತು. “ಮತ್ತೆ?”

“ಬಂದು ಹೇಳ್ತೀನಿ. ಬಾಗಿಲು ಹಾಕ್ಕೋ.”

“ಈಗ್ಲೇ ಹೇಳು.”

“ಬಂದು ಹೇಳ್ತೀನಿ ಅಂದ್ನಲ್ಲ. ಖಂಡಿತ ಹೇಳ್ತೀನಿ.” ರವೆ ಸೀಯುವ ವಾಸನೆ ಬರುತ್ತಿತ್ತು. ಅವಳು ಒಲೆ ಆರಿಸಿ ಬಾಗಿಲವರೆಗೆ ಬಂದಳು.

ಓಲ್ಡ್ ಟೌನಿನ ಆ ಪಾತ್ರೆ ಅಂಗಡಿ ನಮಗೆ ಹೊಸದಲ್ಲ. ಅಮ್ಮ ಕುಕ್ಕರಿನ ಗ್ಯಾಸ್ಕೆಟ್ಟು ಕೊಳ್ಳುವುದು ಅಲ್ಲಿಯೇ. ಅಂಗಡಿಯವರು ಹೊರಗೆ ಬಿಂದಿಗೆಗಳನ್ನು ಪೇರಿಸುತ್ತಿದ್ದರು. “ಏನಮ್ಮ, ಅಮ್ಮ ಬರ್ಲಿಲ್ವಾ?” ಎಂದರು. ಇಲ್ಲ ಎಂದೆ. “ಏನು ಬೇಕಿತ್ತು?” ಎಂದರು. “ಮೇಲೆ ಹೋಗ್ಬೇಕು” ಎಂದೆ. ಅವರು ಮೆಟ್ಟಿಲನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಮೇಲೆ ಯಾರು ಸೇರುತ್ತಾರೆಂದು ಅವರಿಗೆ ಗೊತ್ತಿತ್ತು. ದಾರಿಗೆ ಅಡ್ಡವಿದ್ದ ಬಿಂದಿಗೆಯೊಂದನ್ನು ಸರಿಸಿದರು.

ಮೇಲೆ ಏಳೆಂಟು ಗಂಡಸರು ಅರ್ಧವೃತ್ತದಲ್ಲಿ ಕೂತಿದ್ದರು. ಅವನು ಟೀ ಹಂಚುತ್ತಿದ್ದ. ಇವತ್ತು ಗಡ್ಡ ಬೋಳಿಸಿಕೊಂಡಿದ್ದ.

“ಅಕ್ಕ?” ಎಂದ. “ಅಮ್ಮ ಬಂದಿಲ್ಲ.”

“ಗೊತ್ತು.”

ಅವನು ಲೋಟ ಹಿಡಿದುಕೊಂಡು ನಿಂತೇ ಇದ್ದ. ನಾನು ಅವನ ಕೈಯಿಂದ ಅದನ್ನು ತೆಗೆದುಕೊಂಡು ಸಾಲಿನಲ್ಲಿ ಕೂತೆ. ಟೀ ಬಹಳ ಸಿಹಿಯಾಗಿತ್ತು. ಒಬ್ಬರು ಎದ್ದು ಮಾತಾಡಿದರು, ಇನ್ನೊಬ್ಬರು ಮಾತಾಡಿದರು, ಅವನು ಮಾತಾಡಿದ. ನನ್ನ ಸರದಿ ಬಂದಾಗ ಎದ್ದುನಿಂತು ಹೆಸರು ಹೇಳಿದೆ, ನಾನು ಕುಡಿಯುತ್ತಿದ್ದೆ ಎಂದೆ. ಎಷ್ಟು ತಿಂಗಳಾಯಿತು ಬಿಟ್ಟು ಎಂದು ಯಾರೂ ಕೇಳಲಿಲ್ಲ. ನಾನೇ ಹೇಳಿದೆ, ಅವನಿಗೆ ಸ್ಪಷ್ಟವಾಗಿ ಕೇಳುವಷ್ಟು ಗಟ್ಟಿಯಾಗಿ.